ಇನ್‌ಚಾರ್ಜ್‌ಗಳಿಗೆ ಸ್ವಲ್ಪ ಬಿಡುವು, ಜೊತೆಗೊಬ್ಬ ಕೋಚ್: ಕಲಬುರಗಿಯ ನಮ್ಮ ಆಸ್ಪತ್ರೆಯ ಅನುಭವ

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಎಚ್‌ಆರ್ ಮತ್ತು ಆಡಳಿತ ನೋಡಿಕೊಳ್ಳುತ್ತೇನೆ. ಹೋದ ಬೇಸಿಗೆಯಿಂದ ಈ ಫೆಬ್ರುವರಿವರೆಗೆ ನಮ್ಮ ಆರು ಜನ ಇನ್‌ಚಾರ್ಜ್‌ಗಳಿಗೆ, ಅಂದರೆ ವಾರ್ಡ್, ಐಸಿಯು, ಬಿಲ್ಲಿಂಗ್, ಹೌಸ್‌ಕೀಪಿಂಗ್‌ನಂಥ ವಿಭಾಗ ನಡೆಸುವವರಿಗೆ, ಜನರನ್ನು ನಡೆಸುವ ವಿಷಯದಲ್ಲಿ ಕೋಚಿಂಗ್ ಕೊಡಿಸುವ ಜವಾಬ್ದಾರಿ ನನ್ನ ಮೇಲಿತ್ತು. ಮೊನ್ನೆ ಕೊನೆಯ ಸೆಷನ್ ಮುಗಿಯಿತು, ಬಿಲ್ಲೂ ಚುಕ್ತಾ ಆಯಿತು. ಶುರು ಮಾಡುವಾಗ, ನಮ್ಮ ಭಾಗದಲ್ಲಿ ಇದನ್ನು ಮಾಡಿದವರು ಯಾರಾದರೂ ಇದ್ದಾರಾ ಎಂದು ಬಹಳ ಕಡೆ ವಿಚಾರಿಸಿದ್ದೆ. ಯಾರೂ ಸಿಗಲಿಲ್ಲ. ಬೀದರ್, ಯಾದಗಿರಿ ಕಡೆ ನರ್ಸಿಂಗ್ ಹೋಂ, ಶಾಲೆ, ಸೊಸೈಟಿ, ದಾಲ್ ಮಿಲ್ ನಡೆಸುವವರಿಗೆ ಅದೇ ಹುಡುಕಾಟ ಬೇಡ ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಇನ್‌ಚಾರ್ಜ್ ಆಗುವುದು ಹೇಗೆ ಅಂದರೆ, ಚೆನ್ನಾಗಿ ಕೆಲಸ ಮಾಡುವ ಸ್ಟಾಫ್ ನರ್ಸ್ ಒಬ್ಬರನ್ನು ಕರೆದು "ಇನ್ನು ಮುಂದೆ ವಾರ್ಡ್ ನೀವೇ ನೋಡಿಕೊಳ್ಳಿ" ಎಂದು ಹೇಳಿಬಿಡುತ್ತಾರೆ. ನಾಜೂಕಾಗಿ ಐವಿ ಹಾಕುವವರು, ಮಧ್ಯರಾತ್ರಿ ಪೇಶಂಟ್ ಸೀರಿಯಸ್ ಆದರೂ ಗಾಬರಿಯಾಗದವರು ಮರುದಿನದಿಂದ ಡ್ಯೂಟಿ ರೋಸ್ಟರ್ ಬರೆಯಬೇಕು. ಬೇಕಾದ ಸಾಮಾನಿಗೆ ಇಂಡೆಂಟ್ ಹಾಕಬೇಕು, ಸ್ಟಾಕ್ ಎಣಿಸಬೇಕು, ಜಗಳ ಬಿಡಿಸಬೇಕು, ಪೇಶಂಟ್ ಕಡೆಯವರ ಬೈಗುಳ ಕೇಳಬೇಕು. ಜನರನ್ನು ನಡೆಸುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಸಂಬಳ ಸ್ವಲ್ಪ ಜಾಸ್ತಿ ಆಗುತ್ತದೆ, ಫೋನ್ ಮಾತ್ರ ರಜೆ ದಿನವೂ ಬಿಡುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ಇಬ್ಬರು ಇನ್‌ಚಾರ್ಜ್‌ಗಳು ಒಂದೇ ತಿಂಗಳಲ್ಲಿ ರಾಜೀನಾಮೆ ಪತ್ರ ತಂದು ಕೊಟ್ಟರು. ಸಂಬಳದ ವಿಷಯ ಇರಬೇಕು ಅಂದುಕೊಂಡೆ. ಅದಲ್ಲ. ಫೀಮೇಲ್ ವಾರ್ಡ್ ಇನ್‌ಚಾರ್ಜ್ ಹೇಳಿದ ಮಾತು ಇದು: "ಪೇಶಂಟ್ ನೋಡೋದು ನನಗ ಭಾರ ಅನಸಲ್ರೀ. ಎಲ್ಲರೂ ಎಲ್ಲದಕ್ಕೂ ನನಗೇ ಕೇಳಲತ್ತಾರ. ಅದು ಸಾಕಾಗ್ಯದ." ಪತ್ರವನ್ನು ಸ್ವಲ್ಪ ದಿನ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಅಂದೆ. ಒಪ್ಪಿದರು.

ನಮ್ಮದು ಮೂವರು ಡಾಕ್ಟರ್‌ಗಳು ಪಾಲುದಾರರಾಗಿರುವ ಆಸ್ಪತ್ರೆ. ಕೋಚಿಂಗ್ ವಿಷಯ ಎತ್ತಿದ ಕೂಡಲೇ "ಹೋದ ವರ್ಷ ಟ್ರೇನಿಂಗ್ ಕೊಡಿಸಿದ್ವಲ್ಲ" ಅಂದರು. ಹೌದು, ಒಂದು ಹೋಟೆಲ್ ಹಾಲ್‌ನಲ್ಲಿ ಇಡೀ ದಿನದ ಕಾರ್ಯಕ್ರಮ ಆಗಿತ್ತು. ಊಟ ಚೆನ್ನಾಗಿತ್ತು, ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು. ಮರುದಿನ ವಾರ್ಡ್ ಮೊದಲಿನ ಹಾಗೇ ಇತ್ತು. ಟ್ರೇನಿಂಗ್‌ನಲ್ಲಿ ಎಲ್ಲರಿಗೂ ಒಂದೇ ಪಾಠ. ಕೋಚ್ ಒಬ್ಬೊಬ್ಬರ ಜೊತೆ ಕೂರುತ್ತಾರೆ, ಈ ವಾರ ಅವರಿಗೆ ಏನು ಕಾಡುತ್ತಿದೆಯೋ ಅದನ್ನೇ ಹಿಡಿಯುತ್ತಾರೆ. ಉತ್ತರ ಹೇಳಿಬಿಡುವುದಿಲ್ಲ, ಕೇಳುತ್ತಾ ಹೋಗುತ್ತಾರೆ. ಮುಂದಿನ ಸಲ ಬಂದಾಗ "ಮಾಡ್ತೀನಿ ಅಂದಿದ್ರಲ್ಲ, ಏನಾಯ್ತು?" ಎಂದು ತಪ್ಪದೆ ಕೇಳುತ್ತಾರೆ. ಈ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಮತ್ತೊಂದು ಭಾಷಣದ ದಿನ ಇಟ್ಟು ಕೈ ತೊಳೆದುಕೊಳ್ಳುತ್ತಾರೆ.

ನಮ್ಮ ಡಾಕ್ಟರ್‌ಗಳನ್ನು ನಿಜವಾಗಿ ಒಪ್ಪಿಸಿದ್ದು ಅವರ ಭಾಷೆಯಲ್ಲೇ ಹೇಳಿದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐಸಿಡಿ-11 ಎಂಬ ತನ್ನ ಕಾಯಿಲೆಗಳ ವರ್ಗೀಕರಣ ಪಟ್ಟಿಯಲ್ಲಿ ಬರ್ನ್‌ಔಟ್ ಏನೆಂದು ವಿವರಿಸಿದೆ. ಅದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ಬಹಳ ದಿನದಿಂದ ಇದ್ದು ಸರಿಯಾಗಿ ನಿಭಾಯಿಸದ ಒತ್ತಡದ ಫಲ ಎನ್ನುತ್ತದೆ. ಮೂರು ಗುರುತು ಹೇಳುತ್ತದೆ: ಪೂರ್ತಿ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಕಹಿಯಾಗುವುದು, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ಆ ಮೂರೂ ನಮ್ಮ ಇಬ್ಬರು ಇನ್‌ಚಾರ್ಜ್‌ಗಳ ಮಾತಿನಲ್ಲಿ ಇದ್ದವು. ಹಿರಿಯ ಡಾಕ್ಟರ್ ಸುಮ್ಮನೆ ಕೇಳಿಸಿಕೊಂಡು, "ಪ್ರಪೋಸಲ್ ಬರೆದು ಕೊಡ್ರಿ" ಅಂದರು. ಆಮೇಲೆ ಆ ಕಾಗದ ಟೇಬಲ್ ಮೇಲೆ ವಾರಗಟ್ಟಲೆ ಕೂತಿತ್ತು. ಬೇಸಿಗೆ, 43 ಡಿಗ್ರಿ ದಾಟಿದ ಬಿಸಿಲು, ವಾರ್ಡ್ ತುಂಬಿ ಹೋಗಿತ್ತು. ಯಾರಿಗೂ ಕೂತು ಮಾತಾಡುವ ಪುರುಸೊತ್ತು ಇರಲಿಲ್ಲ. ಇಂಥ ಪ್ರಪೋಸಲ್ ಕೊಡುವುದಿದ್ದರೆ ಜನವರಿ, ಫೆಬ್ರುವರಿ ಒಳ್ಳೆಯ ಹೊತ್ತು. ಹೊಸ ವರ್ಷದ ಬಜೆಟ್‌ಗೂ ಸೇರುತ್ತದೆ.

ಕೋಚ್ ಹುಡುಕುವುದು ಇನ್ನೊಂದು ಕಥೆ. ನಮ್ಮ ದೇಶದಲ್ಲಿ ಕೋಚ್ ಆಗಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ಏನು ನೋಡಬೇಕು ಅನ್ನುವುದು ಗೊತ್ತಿರಬೇಕು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದರೆ ಐಸಿಎಫ್, 1995ರಲ್ಲಿ ಶುರುವಾದ ಸಂಸ್ಥೆ. ಅವರ ಮೊದಲ ಹಂತದ ಸರ್ಟಿಫಿಕೇಟ್ ಎಸಿಸಿ. ಅದಕ್ಕೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಮುಂದಿನ ಹಂತ ಪಿಸಿಸಿ. ಅದಕ್ಕೆ 125 ಗಂಟೆ ತರಬೇತಿ, 500 ಗಂಟೆ ಅನುಭವ. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಒಳ್ಳೆಯವರು ಅಂತಲ್ಲ, ಆದರೆ ಕೇಳಲು ಒಂದು ಆಧಾರ ಸಿಗುತ್ತದೆ.

ಬೆಂಗಳೂರಿನ ಕೆಲವರು ಒಂದು ಗಂಟೆಗೆ ಹತ್ತು ಸಾವಿರಕ್ಕಿಂತ ಮೇಲೆ ಹೇಳಿದರು. ಅದೂ ಇಂಗ್ಲಿಷ್‌ನಲ್ಲಿ ಮಾತ್ರ. ನಮ್ಮ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಕಾಕಾ ಅವರಿಗೆ ಕನ್ನಡ ಬಿಟ್ಟರೆ ದಖನಿ ಉರ್ದು ಬರುತ್ತದೆ. ಮನಸ್ಸಿನ ಮಾತನ್ನು ಅವರು ಇನ್ನೊಂದು ಭಾಷೆಯಲ್ಲಿ ಹೇಗೆ ಹೇಳುತ್ತಾರೆ? ಕೊನೆಗೆ ಹುಮನಾಬಾದ್ ಕಡೆ ಹುಟ್ಟಿ ಬೆಳೆದು, ಈಗ ಬೆಂಗಳೂರಿನಲ್ಲಿರುವ ಒಬ್ಬ ಮೇಡಂ ಸಿಕ್ಕರು. ಎರಡೂ ಭಾಷೆ ಬರುತ್ತಿತ್ತು. ಮೊದಲ ಮತ್ತು ಕೊನೆಯ ಸೆಷನ್‌ಗೆ ರಾತ್ರಿ ರೈಲಿಗೆ ಕಲಬುರಗಿಗೆ ಬರುವುದು, ಉಳಿದವು ವಿಡಿಯೋ ಕಾಲ್‌ನಲ್ಲಿ ಎಂದು ಮಾತಾಯಿತು.

ಅವರು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿದರು. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. "ಇವರ ಮೇಲಿಂದ ಏನು ತೆಗೀತೀರಿ? ಈಗಾಗಲೇ ತುಂಬಿರೋ ದಿನದೊಳಗೆ ಇನ್ನೊಂದು ಗಂಟೆ ತುರುಕಿದ್ರ ಅದು ಸಹಾಯ ಆಗಲ್ಲ, ಶಿಕ್ಷೆ ಆಗ್ತದ. ಮೊದಲು ತೆಗೀರಿ, ಆಮೇಲೆ ನಾ ಬರ್ತೀನಿ."

ಹಾಗಾಗಿ ಜೂನ್ ಪೂರ್ತಿ ನಾನು ಮಾಡಿದ್ದು ತೆಗೆಯುವ ಕೆಲಸ. ಒಬ್ಬೊಬ್ಬ ಇನ್‌ಚಾರ್ಜ್ ಜೊತೆ ಒಂದೊಂದು ಶಿಫ್ಟ್ ಪೂರ್ತಿ ಕೂತೆ. ಸ್ಟಾಕ್ ಲೆಕ್ಕವನ್ನು ರಿಜಿಸ್ಟರ್‌ನಲ್ಲಿ ಒಮ್ಮೆ, ಕಂಪ್ಯೂಟರ್‌ನಲ್ಲಿ ಒಮ್ಮೆ ಬರೆಯುತ್ತಿದ್ದರು. ಒಂದು ನಿಂತಿತು. ಆಯುಷ್ಮಾನ್ ಫೈಲಿಗೆ ಫೋಟೋ, ರಿಪೋರ್ಟ್ ಜೋಡಿಸುವುದನ್ನು ಬಿಲ್ಲಿಂಗ್ ಕಡೆಯ ಹುಡುಗನಿಗೆ ಕೊಟ್ಟೆವು. ವಾಟ್ಸ್‌ಆ್ಯಪ್ ಗ್ರೂಪ್‌ಗಳು ಬೇಕಾಬಿಟ್ಟಿ ಇದ್ದವು, ವಾರ್ಡಿಗೆ ಒಂದೇ ಉಳಿಸಿದೆವು. ಎಲ್ಲಕ್ಕಿಂತ ದೊಡ್ಡದು ಡ್ಯೂಟಿ ಫೋನ್. ಇನ್‌ಚಾರ್ಜ್‌ಗಳ ಸ್ವಂತ ನಂಬರಿಗೆ ಫೋನ್ ಮಾಡುವ ಬದಲು ವಾರ್ಡಿಗೊಂದು ಸಾದಾ ಮೊಬೈಲ್ ಕೊಂಡೆವು. ಆಯಾ ಶಿಫ್ಟಿನ ಸೀನಿಯರ್ ನರ್ಸ್ ಅದನ್ನು ಇಟ್ಟುಕೊಳ್ಳಬೇಕು. ಅದಕ್ಕೆ ಆದ ಖರ್ಚು ಕೋಚಿಂಗ್ ಖರ್ಚಿನ ಮುಂದೆ ಏನೇನೂ ಅಲ್ಲ. ಉಪಯೋಗ ಮಾತ್ರ ಮೊದಲ ವಾರದಿಂದಲೇ ಕಂಡಿತು. ನಿಮ್ಮಲ್ಲಿ ಕೋಚಿಂಗ್‌ಗೆ ದುಡ್ಡೇ ಇಲ್ಲ ಅಂದರೂ ಇಷ್ಟಂತೂ ಮಾಡಿ.

ಇನ್ನು ಕಾಗದ ಪತ್ರ. ಒಪ್ಪಂದದಲ್ಲಿ ಮೂವರ ಸಹಿ ಇರಲಿ: ಆಸ್ಪತ್ರೆ, ಕೋಚ್, ಕೋಚಿಂಗ್ ತೆಗೆದುಕೊಳ್ಳುವವರು. ಮ್ಯಾನೇಜ್‌ಮೆಂಟ್ ಪ್ರತಿ ಸೆಷನ್‌ನ ರಿಪೋರ್ಟ್ ಬೇಕು ಅಂತ ಕೇಳಿತು. ದುಡ್ಡು ಕೊಡುವವರು ಕೇಳುವುದು ಸಹಜ. ಮೇಡಂ ಖಡಾಖಂಡಿತವಾಗಿ ಆಗುವುದಿಲ್ಲ ಅಂದರು. ಆಸ್ಪತ್ರೆಗೆ ಗೊತ್ತಾಗುವುದು ಎರಡೇ: ಸೆಷನ್ ನಡೆಯಿತೋ ಇಲ್ಲವೋ, ಮತ್ತು ಶುರುವಿನಲ್ಲಿ ಎಲ್ಲರೂ ಸೇರಿ ಒಪ್ಪಿದ ಗುರಿ ಏನು ಅನ್ನುವುದು. ಒಳಗಿನ ಮಾತು ಯಾರಿಗೂ ಇಲ್ಲ, ನನಗೂ ಇಲ್ಲ. ಪ್ರಾಣಕ್ಕೆ ಅಪಾಯ ಇರುವ ವಿಷಯ ಬಂದರೆ ಮಾತ್ರ ಇದಕ್ಕೆ ಹೊರತು. ಈ ಸಾಲಿಗಾಗಿ ಒಪ್ಪಂದ ಹಲವು ಸಲ ಆಚೆ ಈಚೆ ಓಡಾಡಿತು. ಇದನ್ನು ಬಿಟ್ಟುಕೊಡಬೇಡಿ. ಡಾಕ್ಟರ್ ಕಿವಿಗೆ ಬೀಳುತ್ತದೆ ಅಂತ ಗೊತ್ತಾದರೆ ಯಾವ ಸಿಸ್ಟರ್ ಬಾಯಿ ಬಿಡುತ್ತಾರೆ ಹೇಳಿ?

ಖರ್ಚಿನ ಲೆಕ್ಕ ನೇರವಾಗಿ ಹೇಳುತ್ತೇನೆ. ಒಂದು ಸೆಷನ್‌ಗೆ 3,500 ರೂಪಾಯಿ, ತಲಾ ಆರು ಸೆಷನ್, ಆರು ಜನ. 1,26,000 ಆಯಿತು. ಮೇಲೆ ಶೇ 18 ಜಿಎಸ್‌ಟಿ, 22,680. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ ಕಾರಣ ನಮ್ಮಂಥ ಆಸ್ಪತ್ರೆಗೆ ಈ ತೆರಿಗೆ ಹೊಂದಾಣಿಕೆಯಾಗಿ ವಾಪಸ್ ಬರುವುದಿಲ್ಲ. ಅದನ್ನೂ ಖರ್ಚು ಅಂತಲೇ ಹಿಡಿಯಬೇಕು. ವೃತ್ತಿಪರರ ಶುಲ್ಕ ಅಂತ ಶೇ 10 ಟಿಡಿಎಸ್, ಅಂದರೆ ಕೋಚ್‌ನ ಆದಾಯ ತೆರಿಗೆಯ ಪಾಲು, ನಾವೇ ಹಿಡಿದು ಕಟ್ಟಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದರೆ ಟಿಡಿಎಸ್ ಅಸಲು ಶುಲ್ಕದ ಮೇಲೆ ಮಾತ್ರ. ನಮ್ಮ ಅಕೌಂಟೆಂಟ್ ಮೊದಲು ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕಿದ್ದರಿಂದ ಮೊದಲ ಪಾವತಿ ತಡವಾಯಿತು. ಕೋಚ್‌ನ ಪ್ಯಾನ್, ಜಿಎಸ್‌ಟಿ ನಂಬರ್, ಬ್ಯಾಂಕ್ ವಿವರ ಎಲ್ಲ ಒಪ್ಪಂದದ ದಿನವೇ ತೆಗೆದುಕೊಳ್ಳಿ. ವರ್ಷದ ಒಟ್ಟು ವಹಿವಾಟು 20 ಲಕ್ಷದ ಒಳಗಿರುವ ಕೋಚ್‌ಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಅಂಥವರು ಸಿಕ್ಕರೆ ಸಣ್ಣ ಸಂಸ್ಥೆಗೆ ಖರ್ಚು ಇಳಿಯುತ್ತದೆ. ಇದರ ಮೇಲೆ ರೈಲು, ವಸತಿ ಖರ್ಚು ಬೇರೆ.

ಜುಲೈನಲ್ಲಿ ಆರು ಜನರನ್ನು ಕರೆದು ವಿಷಯ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡವನಿಗೆ ಎದುರಿಗೆ ಕಂಡಿದ್ದು ಭಯ. "ನನ್ನ ಮ್ಯಾಲ ಏನರ ಕಂಪ್ಲೇಂಟ್ ಬಂದದೇನ್ರೀ ಸರ್?" ಎಂದು ಓಟಿ (ಆಪರೇಷನ್ ಥಿಯೇಟರ್) ಇನ್‌ಚಾರ್ಜ್ ಕೇಳಿದರು. ಕಾಕಾ ಏನೂ ಮಾತಾಡಲಿಲ್ಲ, ಸಂಜೆ ನನ್ನ ಕೋಣೆಗೆ ಬಂದು "ನನಗ ತೆಗೀಬೇಕಂತ ಮಾಡೀರಿ?" ಅಂದರು. ನಮ್ಮ ಕಡೆ ಒಬ್ಬರನ್ನೇ ಕರೆದು ಕೂರಿಸಿ ಮಾತಾಡುವುದು ಏನೋ ತಪ್ಪಾದಾಗ ಮಾತ್ರ. ಅವರ ಭಯದಲ್ಲಿ ಅರ್ಥ ಇತ್ತು. ಹಿರಿಯ ಡಾಕ್ಟರ್‌ಗೆ ಹೋಗಿ ಹೇಳಿದೆ. ಅವರೇ ಬಂದು, "ನಿಮ್ಮನ್ನು ಕಳಕೊಳ್ಳೋದು ನಮಗ ಬೇಕಿಲ್ಲ, ಅದಕ್ಕೇ ಇದು" ಅಂದ ಮೇಲೆ ಸ್ವಲ್ಪ ಹಗುರಾದರು. ಬೇಡ ಅನ್ನುವ ಹಕ್ಕೂ ಅವರಿಗಿದೆ ಎಂದು ಬರೆದು ಕೊಟ್ಟೆವು. ಯಾರೂ ಬೇಡ ಅನ್ನಲಿಲ್ಲ.

ಜಾಗದ ಸಮಸ್ಯೆ ಯಾರೂ ಮೊದಲು ಯೋಚಿಸುವುದಿಲ್ಲ. ಡಾಕ್ಟರ್ಸ್ ಡ್ಯೂಟಿ ರೂಮಿನಲ್ಲಿ ಶುರು ಮಾಡಿದರೆ ಬಾಗಿಲು ತಟ್ಟುವವರೇ ಜಾಸ್ತಿ. ಕೊನೆಗೆ ಮಧ್ಯಾಹ್ನ ಖಾಲಿ ಇರುವ ಫಿಸಿಯೋಥೆರಪಿ ಕೋಣೆ ಸಿಕ್ಕಿತು. ಒಳಗಿಂದ ಚಿಲಕ, ಫ್ಯಾನ್, ಒಂದು ಲ್ಯಾಪ್‌ಟಾಪ್, ಹೆಡ್‌ಫೋನ್. ಇನ್‌ಚಾರ್ಜ್‌ನ ಫೋನ್ ನನ್ನ ಟೇಬಲ್ ಮೇಲೆ. ಅವರು ಒಳಗಿರುವ ಹೊತ್ತು ವಾರ್ಡಿನಲ್ಲಿ ಯಾರು ನಿರ್ಧಾರ ತೆಗೆದುಕೊಳ್ಳಬೇಕು ಅನ್ನುವುದನ್ನು ಬೋರ್ಡ್ ಮೇಲೆ ಬರೆದೆವು.

ಸೆಷನ್ ಒಳಗೆ ಏನಾಯಿತು ಅನ್ನುವುದು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಆದರೆ ಫೀಮೇಲ್ ವಾರ್ಡ್ ಇನ್‌ಚಾರ್ಜ್ ತಾವಾಗಿಯೇ ಹೇಳಿಕೊಂಡಿದ್ದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಮೇಡಂ ಮೊದಲ ದಿನ ಅವರಿಗೆ ಒಂದು ಕೆಲಸ ಕೊಟ್ಟರು. ಏಪ್ರನ್ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಏನು ಕೇಳಿಕೊಂಡು ಬಂದರೂ ಒಂದು ಸಾಲು ಬರೆಯಿರಿ. ವಾರದ ಕೊನೆಗೆ ಆ ಪುಟಗಳು ತುಂಬಿ ಹೋಗಿದ್ದವು. 'ಬೀಗದ ಕೈ' ಎಂದು ಮತ್ತೆ ಮತ್ತೆ ಬರೆದಿತ್ತು. ಔಷಧಿ ಕಪಾಟಿನ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು. ಒಂದು ಪ್ಯಾರಸಿಟಮಾಲ್ ಬೇಕೆಂದರೂ ಹುಡುಗಿಯರು ಅವರನ್ನು ಹುಡುಕಿಕೊಂಡು ಬರಬೇಕು. ಇದು ಯಾರು ಮಾಡಿದ ನಿಯಮ ಎಂದು ಮೇಡಂ ಕೇಳಿದರಂತೆ. ಯಾರೂ ಮಾಡಿರಲಿಲ್ಲ. ಹಿಂದಿನ ಇನ್‌ಚಾರ್ಜ್ ಇಟ್ಟುಕೊಳ್ಳುತ್ತಿದ್ದರು, ಇವರೂ ಇಟ್ಟುಕೊಂಡರು. ನಾರ್ಕೋಟಿಕ್ ಔಷಧಿಗಳು ಡಬಲ್ ಲಾಕ್‌ನಲ್ಲಿ, ರಿಜಿಸ್ಟರ್ ಸಮೇತ ಮೊದಲಿನಂತೆಯೇ ಇರಬೇಕು, ಅದರಲ್ಲಿ ರಾಜಿ ಇಲ್ಲ. ಉಳಿದ ಕಪಾಟಿನ ಕೈ ಈಗ ಶಿಫ್ಟ್ ಸೀನಿಯರ್ ಹತ್ತಿರ ಇರುತ್ತದೆ, ಹ್ಯಾಂಡ್‌ಓವರ್ ಹೊತ್ತಿಗೆ ಸಹಿ ಹಾಕಿ ಕೊಡುತ್ತಾರೆ.

ಆಮೇಲಿನ ಸೆಷನ್‌ಗಳಲ್ಲಿ ಉಳಿದ ಸಾಲುಗಳನ್ನು ಬೇರೆ ಬೇರೆ ಮಾಡಿದರಂತೆ. ನಾನೇ ತೀರ್ಮಾನಿಸಬೇಕಾದ್ದು ಯಾವುದು, ಸೀನಿಯರ್ ನರ್ಸ್ ಮಾಡಬಹುದಾದ್ದು ಯಾವುದು, ಕೇಳಲೇಬೇಕಿಲ್ಲದ್ದು ಯಾವುದು. ಯಾರಾದರೂ ಬಂದು "ಅಕ್ಕಾ, ಏನ್ ಮಾಡ್ಲಿ?" ಅಂದರೆ ತಕ್ಷಣ ಉತ್ತರ ಕೊಡದೆ, "ನಿನಗ ಏನ್ ಅನಸ್ತದ?" ಎಂದು ತಿರುಗಿ ಕೇಳುವುದನ್ನು ರೂಢಿ ಮಾಡಿಕೊಂಡರು. ಮೊದಮೊದಲು ಹುಡುಗಿಯರಿಗೆ ಸಿಟ್ಟು ಬಂತು. ಅಕ್ಕ ಕೈ ಬಿಟ್ಟರು ಅಂದುಕೊಂಡರು. ತಿಂಗಳು ಕಳೆಯುವ ಹೊತ್ತಿಗೆ ಉತ್ತರ ಜೊತೆಗಿಟ್ಟುಕೊಂಡೇ ಬರತೊಡಗಿದರು. ಪೇಶಂಟ್ ಉಸಿರು ನಿಲ್ಲುತ್ತಿರುವಾಗ ಹೀಗೆ ಕೇಳುತ್ತಾ ಕೂರುವಂತಿಲ್ಲ. ಅಲ್ಲಿ ಆರ್ಡರ್ ಕೊಡುವುದೇ ಸರಿ. ಯಾವಾಗ ಕೇಳಬೇಕು, ಯಾವಾಗ ಹೇಳಬೇಕು ಅನ್ನುವುದನ್ನೂ ಮೇಡಂ ಜೊತೆ ಕೂತು ಬರೆದುಕೊಂಡಿದ್ದರು.

ಮೇಡಂ ಬಳಸುತ್ತಿದ್ದ ಕ್ರಮ 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ 'ಗ್ರೋ' ಎಂಬ ವಿಧಾನ. ಏನು ಆಗಬೇಕು, ಈಗ ಹೇಗಿದೆ, ಏನೇನು ದಾರಿ ಇವೆ, ಅದರಲ್ಲಿ ಏನು ಮಾಡುತ್ತೀರಿ, ಯಾವಾಗ. ಇಷ್ಟೇ. ಕೋಚ್ ಇಲ್ಲದೆ ಇನ್‌ಚಾರ್ಜ್‌ಗಳೂ ತಮ್ಮ ಕೈಕೆಳಗಿನವರ ಜೊತೆ ಇದನ್ನು ಬಳಸಬಹುದು. ನಮ್ಮಲ್ಲಿ ಬಳಸುತ್ತಿದ್ದಾರೆ.

ಆಗಸ್ಟ್ ಕೊನೆಗೆ ಜ್ವರದ ಸೀಸನ್ ಬಂತು. ಡೆಂಗಿ, ವೈರಲ್, ಬೆಡ್ ಸಾಲದೆ ಹೋದವು. ಜೇವರ್ಗಿ, ಅಫಜಲಪುರ, ಚಿಂಚೋಳಿ ಕಡೆಯಿಂದ ಬರುವವರು ನಿಲ್ಲಲೇ ಇಲ್ಲ. ಸೆಷನ್‌ಗಳು ಸಾಲಾಗಿ ರದ್ದಾದವು. ಒಪ್ಪಂದದ ಪ್ರಕಾರ 24 ಗಂಟೆ ಮೊದಲು ತಿಳಿಸದೆ ರದ್ದು ಮಾಡಿದರೆ ಪೂರ್ತಿ ಶುಲ್ಕ. ಮೇಡಂ ದೊಡ್ಡ ಮನಸ್ಸು ಮಾಡಿ ಬಿಟ್ಟರು. ಎಲ್ಲರೂ ಬಿಡುವುದಿಲ್ಲ. ಆಸ್ಪತ್ರೆ ನಡೆಸುವವರು ಎಮರ್ಜೆನ್ಸಿಗೆ ವಿನಾಯಿತಿ ಇರಲಿ ಎಂದು ಮೊದಲೇ ಬರೆಸಿಕೊಳ್ಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸೆಷನ್ ಕಡಿಮೆ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಅದೇ ಹೊತ್ತಿಗೆ ಒಬ್ಬರ ವಿಷಯದಲ್ಲಿ ಮೇಡಂ ಕೋಚಿಂಗ್ ನಿಲ್ಲಿಸಿದರು. ಯಾರು ಅಂತ ಬರೆಯುವುದಿಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಡ್ರೆಸಿಂಗ್ ರೂಮಿನಲ್ಲಿ ಕೂತು ಅಳುವುದು. ಆ ವ್ಯಕ್ತಿಯನ್ನೇ ಒಪ್ಪಿಸಿ ಮೇಡಂ ನನಗೆ ಫೋನ್ ಮಾಡಿಸಿದರು. ಇದಕ್ಕೆ ಬೇಕಾದ್ದು ಚಿಕಿತ್ಸೆ, ಕೋಚಿಂಗ್ ಅಲ್ಲ ಅಂದರು. ಮನೋವೈದ್ಯರ ಹತ್ತಿರ ಹೋಗಿ ಬಂದರು, ಸಂಬಳ ಸಹಿತ ರಜೆ ಕೊಟ್ಟೆವು. ರಾತ್ರಿ ಹೊತ್ತು ಯಾರ ಜೊತೆಯೂ ಮಾತಾಡಲು ಆಗದಾಗ ಟೆಲಿ ಮಾನಸ್ 14416 ನಂಬರಿಗೆ ಫೋನ್ ಮಾಡಿದ್ದು ಉಪಯೋಗವಾಯಿತು ಎಂದು ಆಮೇಲೆ ಹೇಳಿದರು. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಅದು. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಈಗ ನರ್ಸಿಂಗ್ ಸ್ಟೇಷನ್‌ಗಳಲ್ಲಿ ಅಂಟಿಸಿದ್ದೇವೆ. ನಿಮ್ಮ ಕೋಚ್ ಎಲ್ಲವನ್ನೂ ತಾನೇ ಸರಿ ಮಾಡುತ್ತೇನೆ ಅಂದರೆ ಹುಷಾರಾಗಿರಿ. ತನ್ನ ಕೆಲಸ ಎಲ್ಲಿಗೆ ನಿಲ್ಲುತ್ತದೆ ಅಂತ ಗೊತ್ತಿರುವವರೇ ಬೇಕು.

ಡಿಸೆಂಬರ್‌ನಲ್ಲಿ ಎಳ್ಳಮಾವಾಸ್ಯೆ ಹತ್ತಿರ ಬಂತು. ನಮ್ಮ ಭಾಗದವರಿಗೆ ಇದು ಎಷ್ಟು ದೊಡ್ಡ ಹಬ್ಬ ಅಂತ ಹೇಳಬೇಕಿಲ್ಲ. ಅವತ್ತು ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ ಭೂತಾಯಿಗೆ ಅಂತ ಹೊಲದಲ್ಲಿ ಚರಗ ಚೆಲ್ಲದೆ ಇರಲು ಯಾರಿಗೂ ಮನಸ್ಸಾಗುವುದಿಲ್ಲ. ಅದರ ಮೇಲೆ ತೊಗರಿ ರಾಶಿಯ ಹೊತ್ತು. ಹೊಲ ಇರುವ ಆಯಾಗಳು, ವಾರ್ಡ್‌ಬಾಯ್‌ಗಳು ಒಟ್ಟಿಗೆ ರಜೆ ಕೇಳುತ್ತಾರೆ. ಪ್ರತಿ ವರ್ಷ ಕಾಕಾ ಒಬ್ಬರೇ ಪಟ್ಟಿ ಮಾಡಿ, ಅರ್ಧ ಜನರ ಸಿಟ್ಟು ಕಟ್ಟಿಕೊಂಡು, ತಾವು ಮನೆಗೂ ಹೋಗದೆ ಡ್ಯೂಟಿ ಮಾಡುತ್ತಿದ್ದರು.

ಈ ಸಲ ಎರಡು ವಾರ ಮೊದಲೇ ಎಲ್ಲರನ್ನೂ ಕೂರಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. "ಅವತ್ತ ದವಾಖಾನಿ ನಡೀಬೇಕು. ಎಷ್ಟ್ ಮಂದಿ ಬೇಕು ಅಂತ ನಾ ಹೇಳ್ತೀನಿ. ಯಾರು ಇರಬೇಕು ಅಂತ ನೀವು ಹೇಳ್ರಿ," ಅಂದು ಸುಮ್ಮನಾದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಾಕಾ ಕೂಡ ಬಾಯಿ ಬಿಡಲಿಲ್ಲ. ಮುಂಚೆ ಆಗಿದ್ದರೆ ಅಷ್ಟೊತ್ತಿಗೆ ತಾವೇ ಹೆಸರು ಓದಿಬಿಡುತ್ತಿದ್ದರು. ಕೊನೆಗೆ ಒಬ್ಬ ಮುಸ್ಲಿಂ ಹುಡುಗ, "ಕಾಕಾ, ನಾವ್ ನಾಲ್ಕು ಮಂದಿ ಅವತ್ತ ಇರ್ತೀವಿ. ರಂಜಾನ್‌ಗೆ ಇವರು ಇರಲಿ," ಅಂದ. ಆಯಾ ಒಬ್ಬರು, ನಮ್ಮ ಹೊಲ ಹತ್ತಿರದಲ್ಲೇ ಇದೆ, ಮಧ್ಯಾಹ್ನ ಊಟ ಮಾಡಿ ಸಂಜೆ ಶಿಫ್ಟಿಗೆ ಬರುತ್ತೇನೆ ಅಂದರು. ಪಟ್ಟಿ ಅಲ್ಲೇ ತಯಾರಾಯಿತು. ಹಬ್ಬದ ದಿನ ಒಬ್ಬರೂ ಹೇಳದೆ ತಪ್ಪಿಸಲಿಲ್ಲ. ಕಾಕಾ ಮೊದಲ ಸಲ ತಮ್ಮ ಹೊಲಕ್ಕೆ ಹೋದರು.

ಎಲ್ಲವೂ ಹೀಗೇ ಆಗಲಿಲ್ಲ. ಬಿಲ್ಲಿಂಗ್ ಇನ್‌ಚಾರ್ಜ್‌ಗೂ ವಾರ್ಡ್‌ನವರಿಗೂ ಡಿಸ್ಚಾರ್ಜ್ ತಡವಾಗುವ ವಿಷಯದಲ್ಲಿ ಇದ್ದ ಜಗಳ ಇನ್ನೂ ಪೂರ್ತಿ ಹೋಗಿಲ್ಲ. ಇಬ್ಬರನ್ನೂ ಸೇರಿಸಿ ಒಂದು ಸೆಷನ್ ಬೇಕಿತ್ತು ಅನ್ನಿಸುತ್ತದೆ. ಐಸಿಯು ಇನ್‌ಚಾರ್ಜ್ ಕೊನೆಯ ಸೆಷನ್ ಆದ ಮೇಲೆ ನನ್ನ ಹತ್ತಿರ ಬಂದು, ನನಗೆ ಇನ್‌ಚಾರ್ಜ್ ಕೆಲಸ ಬೇಡ, ಮತ್ತೆ ಬೆಡ್‌ಸೈಡ್‌ಗೆ ಹೋಗುತ್ತೇನೆ ಅಂದರು. ಒಬ್ಬ ಪಾಲುದಾರರು "ಇಷ್ಟು ಖರ್ಚು ಮಾಡಿ ಇದಾ ಫಲ?" ಎಂದು ಬೇಸರ ಮಾಡಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಆಕೆ ರಾಜೀನಾಮೆ ಕೊಟ್ಟು ಸೋಲಾಪುರಕ್ಕೋ ಹೈದರಾಬಾದಿಗೋ ಹೋಗಿಲ್ಲ. ಜಿಲ್ಲೆಯಲ್ಲಿ ಸಿಗುವ ಒಳ್ಳೆಯ ಐಸಿಯು ನರ್ಸ್‌ಗಳಲ್ಲಿ ಒಬ್ಬರು ನಮ್ಮಲ್ಲೇ ಉಳಿದಿದ್ದಾರೆ, ತಮಗೆ ಇಷ್ಟವಾದ ಕೆಲಸ ಮಾಡುತ್ತಿದ್ದಾರೆ. ಸಂಬಳ ಇಳಿಸಬಾರದು ಎಂದು ಹಟ ಹಿಡಿದೆ, ಒಪ್ಪಿದರು. ಏಪ್ರಿಲ್‌ನಲ್ಲಿ ಬಂದಿದ್ದ ಎರಡೂ ರಾಜೀನಾಮೆ ಪತ್ರಗಳನ್ನು ಬರೆದವರೇ ವಾಪಸ್ ತೆಗೆದುಕೊಂಡಿದ್ದಾರೆ.

ಬಾಕಿ ಇರುವುದು ರಾತ್ರಿ ಸೂಪರ್‌ವೈಸರ್‌ಗಳದ್ದು. ಅವರಿಗೂ ಕೋಚಿಂಗ್ ಬೇಕು ಎಂದು ಮ್ಯಾನೇಜ್‌ಮೆಂಟ್ ಈಗ ತಾನಾಗಿಯೇ ಕೇಳುತ್ತಿದೆ. ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಕೊಡದೆ ಶುರು ಮಾಡುವುದಿಲ್ಲ ಎಂದು ನಾನೂ ಮೇಡಂ ಇಬ್ಬರೂ ಹೇಳಿದ್ದೇವೆ. ಆ ಹುದ್ದೆಯ ಫೈಲ್ ಹಿರಿಯ ಡಾಕ್ಟರ್ ಟೇಬಲ್ ಮೇಲಿದೆ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಕೂತು ಮಾತಾಡೋಣ ಅಂದಿದ್ದಾರೆ.